ನಾಲ್ಕು ಕೈ, ಎರಡು ಮೈಕು: ಏಕತಾರಿ–ಗಿಟಾರ್ ಜೋಡಿಯ ಕೆಲಸದ ದಾಖಲೆ

ಕೆಲಸ ಇಷ್ಟು: ಇಬ್ಬರೇ ಇರುವ ತಂಡಕ್ಕೆ ಆರು ಹಾಡು ಧಾರವಾಡದ ಮನೆಯಲ್ಲೇ ರೆಕಾರ್ಡ್ ಮಾಡಬೇಕು, ಏಕತಾರಿಗೆ ಪಿಕಪ್ (ವಾದ್ಯದ ಕಂಪನವನ್ನು ನೇರ ಹಿಡಿಯುವ ಸಾಧನ) ಕೂಡಿಸಬೇಕು, ಕಂಪನಿ–ಮ್ಯಾನೇಜರ್ ಯಾರ ಹಂಗೂ ಇಲ್ಲದೆ ಬಿಡುಗಡೆ ಮಾಡಿ ಬಸ್ಸಿನಲ್ಲಿ ಊರೂರಿಗೆ ಹೋಗಿ ಹಾಡಬೇಕು. ಮೇ ತಿಂಗಳಲ್ಲಿ ಶುರುವಾಗಿ ಜನವರಿಗೆ ಮುಗಿಯಿತು. ಆರರಲ್ಲಿ ಐದು ಹಾಡು ಹೊರಬಂದವು. ಒಂದು ಯಾಕೆ ಉಳಿಯಿತು ಅನ್ನುವುದು ಹಂತ 6ರಲ್ಲಿದೆ.

ಒಬ್ಬರ ಪಾಲಿಗೆ ಮುಖ್ಯ ದನಿ, ಏಕತಾರಿ, ಇನ್ನೊಂದು ಕೈಯಲ್ಲಿ ಚಿಟಿಕಿ (ಕೈಯಲ್ಲಿ ಬಡಿಯುವ ಸಣ್ಣ ತಾಳವಾದ್ಯ). ಇನ್ನೊಬ್ಬರ ಪಾಲಿಗೆ ಗಿಟಾರು, ಎರಡನೇ ದನಿ, ಎರಡು ಹಾಡಿಗೆ ದಮ್ಮಡಿ (ಚರ್ಮ ಬಿಗಿದ ಕೈವಾದ್ಯ). ಒಂದೇ ಕಟ್ಟಳೆ: ಯಾವ ಸಾಮಾನೇ ಆಗಲಿ ನಾಲ್ಕೇ ಕೈಯಲ್ಲಿ ಹೊರಲು, ಹೂಡಲು, ಬಿಚ್ಚಲು ಆಗಬೇಕು. ಎಲ್ಲೆಲ್ಲಿ ಇದನ್ನು ಮುರಿದೆವೋ ಅಲ್ಲೆಲ್ಲ ದುಡ್ಡೂ ಹೋಯಿತು, ರಾತ್ರಿಯೂ ಹೋಯಿತು.

ಹಂತ 1. ಹಾಡು, ಶ್ರುತಿ (ಮೇ ಮೊದಲ ವಾರ)

ನಾಲ್ಕು ತತ್ವಪದ, ಎರಡು ಸ್ವಂತ ಹಾಡು. ತತ್ವಪದ ಪೂರ್ತಿ ಹಾಡಿದರೆ ಒಂದೊಂದು ಹತ್ತು–ಹನ್ನೊಂದು ನಿಮಿಷ ಹೋಗುತ್ತದೆ. ಭಜನೆಗೆ ಅದು ಸರಿ, ರೆಕಾರ್ಡಿಗೆ ಆಗದು. ಮೂರು ನುಡಿ ಇಟ್ಟುಕೊಂಡು ಉಳಿದದ್ದು ಕೈಬಿಟ್ಟೆವು.

ತಪ್ಪು: ಮೊದಲ ಸಲ ಕತ್ತರಿ ಹಾಕುವಾಗ ಕೊನೆಯ ನುಡಿಯನ್ನೇ ಬಿಟ್ಟೆವು. ಅಂಕಿತ ಇರುವುದೇ ಅಲ್ಲಿ. ಶಿಶುನಾಳಾಧೀಶ ಬರದೆ ಶರೀಫರ ಪದ ಮುಗಿದರೆ, ಕೇಳಿ ಬೆಳೆದವರಿಗೆ ಸಹಿ ಇಲ್ಲದ ಕಾಗದ ಕೈಗೆ ಬಂದ ಹಾಗೆ. ನಡುವಿನ ನುಡಿ ಬಿಡಿ, ಅಂಕಿತದ ನುಡಿ ಮುಟ್ಟಬೇಡಿ.

ಶ್ರುತಿ ಹಾರ್ಮೋನಿಯಂ ಲೆಕ್ಕದಲ್ಲಿ ಕಪ್ಪು ಒಂದು, ಗಿಟಾರಿನವರ ಮಾತಿನಲ್ಲಿ ಸಿ ಶಾರ್ಪ್. ಗಿಟಾರಿನ ಮೊದಲನೇ ಮನೆಗೆ (ಫ್ರೆಟ್ಟಿಗೆ) ಕ್ಯಾಪೋ, ಅಂದರೆ ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್ಪು, ಹಾಕಿ ಮಾಮೂಲಿ ಮೇಜರ್, ಮೈನರ್ ಕಾರ್ಡ್ ಹಿಡಿದಾಗ ಗಾಂಧಾರದ ಹತ್ತಿರ ದನಿಗೂ ಗಿಟಾರಿಗೂ ಜಗಳ. ಹಾಡುವವರ ಗಾಂಧಾರ ಫ್ರೆಟ್ಟಿನ ಮೇಲೆ ಕೂರುವುದಿಲ್ಲ. ಕೊನೆಗೆ ಕ್ಯಾಪೋ ತೆಗೆದು ಡಿ–ಎ–ಡಿ–ಜಿ–ಎ–ಡಿ ಟ್ಯೂನಿಂಗನ್ನು ಒಂದು ಮನೆ ಇಳಿಸಿದೆವು. ಆಗ ಆರು ತಂತಿಯೂ ಸ–ಪ–ಸ–ಮ–ಪ–ಸ ಆಗುತ್ತವೆ, ಗಾಂಧಾರ ಎಲ್ಲೂ ಇಲ್ಲ. ಜಗಳ ಹೋಯಿತು. ಆದರೆ 12–53 ದಪ್ಪದ ಸೆಟ್ಟಿನ ತಂತಿ ಸಡಿಲಾಗಿ ಫ್ರೆಟ್ಟಿಗೆ ಬಡಿಯತೊಡಗಿತು. 13–56 ಸೆಟ್ ಹಾಕಿದ ಮೇಲೆ ಸರಿಹೋಯಿತು.

ಏಕತಾರಿಗೆ 28 ಗೇಜಿನ ಉಕ್ಕಿನ ತಂತಿ. ಕುದುರೆಯ (ತಂತಿ ಕೂರುವ ಪಟ್ಟಿಯ) ಮೇಲೆ ಜೀವಾಳಿ ದಾರ ಹತ್ತಿಯದೇ ಇರಲಿ. ನೈಲಾನ್ ದಾರ ಜಾರುತ್ತದೆ, ಎರಡು ನುಡಿ ಮುಗಿಯುವಷ್ಟರಲ್ಲಿ ಝೇಂಕಾರ ಸತ್ತುಹೋಗುತ್ತದೆ.

ಹಂತ 2. ಕೋಣೆ (ಮೇ ಎರಡನೇ ವಾರ)

12×14 ಅಡಿಯ ಕೋಣೆ, ಮೇಲೆ ಮಂಗಳೂರು ಹೆಂಚು. ಹೆಂಚಿನ ಮಾಡು ಇಳಿಜಾರಾದ್ದರಿಂದ ಆರ್‌ಸಿಸಿ ಕೋಣೆಯಷ್ಟು ಪ್ರತಿಧ್ವನಿ ಇಲ್ಲ. ಆದರೆ ಮಳೆ ಹಿಡಿದರೆ ಮುಗಿಯಿತು. ಜೂನ್ ಬರುವುದರೊಳಗೆ ರೆಕಾರ್ಡಿಂಗ್ ಮುಗಿಯಲೇಬೇಕಿತ್ತು.

ಗೋಡೆಗೆ ಐದು ಕೌದಿ ಕಟ್ಟಿದೆವು. ಮೊದಲು ಗೋಡೆಗೆ ಒತ್ತಿ ಮೊಳೆ ಹೊಡೆದಾಗ ಹೆಚ್ಚೇನೂ ಬದಲಾಗಲಿಲ್ಲ. ಹಗ್ಗ ಕಟ್ಟಿ ಗೋಡೆಯಿಂದ ನಾಲ್ಕು ಇಂಚು ಮುಂದೆ ಇಳಿಬಿಟ್ಟಾಗ ಚಪ್ಪಾಳೆಯ ಹಿಂದಿನ ಚುರ್ ಎನ್ನುವ ಬಾಲ ಹೋಯಿತು. ಕೌದಿಗೆ ತಗ್ಗುವುದು ಮೇಲಿನ ದನಿ ಮಾತ್ರ. ಕೆಳಗಿನ ಗುಂಯ್ ಹಾಗೇ ಇತ್ತು. ಎರಡು ಮೂಲೆಯಲ್ಲಿ ಹತ್ತಿಯ ಗಾದಿ ಸುರುಳಿ ಸುತ್ತಿ ನಿಲ್ಲಿಸಿದ ಮೇಲೆ ಅರ್ಧದಷ್ಟು ಇಳಿಯಿತು. ಪೂರ್ತಿ ಹೋಗಲಿಲ್ಲ, ಮಿಕ್ಸಿನಲ್ಲಿ ಕೆತ್ತಬೇಕಾಯಿತು. ಮೊಟ್ಟೆಯ ಟ್ರೇ ಅಂಟಿಸಲು ಯಾರಾದರೂ ಹೇಳಿದರೆ ಕೈಮುಗಿದು ಮುಂದೆ ಹೋಗಿ.

ಗದ್ದಲದ ಮೂಲಗಳು, ಪತ್ತೆ ಹಚ್ಚಿದ ಕ್ರಮದಲ್ಲಿ: ಫ್ಯಾನು (ಬಂದ್), ಪಕ್ಕದ ಕೋಣೆಯ ಫ್ರಿಜ್ (ಬಂದ್, ಬೆಳಿಗ್ಗೆ ಮತ್ತೆ ಹಾಕಲು ಮರೆಯಬಾರದೆಂದು ಬೈಕಿನ ಕೀಲಿ ಫ್ರಿಜ್ಜಿನೊಳಗೇ ಇಟ್ಟದ್ದು), ಟ್ಯೂಬ್‌ಲೈಟಿನ ಚೋಕು (ಬಂದ್, ಮೇಣದಬತ್ತಿ), ಲ್ಯಾಪ್‌ಟಾಪಿನ ಪಂಖ. ಲ್ಯಾಪ್‌ಟಾಪನ್ನು ಪಡಸಾಲೆಗೆ ಸಾಗಿಸಿ ಬಾಗಿಲ ಸಂದಿಯಿಂದ ಯುಎಸ್‌ಬಿ ಕೇಬಲ್ ತಂದೆವು. 80 ರೂಪಾಯಿಯ ಎಕ್ಸ್‌ಟೆನ್ಷನ್ ಕೇಬಲ್ ನಡುನಡುವೆ ಟಿಕ್ ಟಿಕ್ ಎಂದು ದನಿ ನುಂಗಿತು. ಮೂರು ಮೀಟರಿನ ಒಂದೇ ತುಂಡಿನ ಕೇಬಲ್ ತಂದಾಗ ನಿಂತಿತು.

ಕಡೆಗೂ ಉಳಿದದ್ದು ಕರೆಂಟಿನ ಗುಂಯ್. ಮನೆಯ ಇನ್ವರ್ಟರ್ ಚೌಕ ಅಲೆಯದು. ಕರೆಂಟು ಹೋಗಿ ಅದು ಎದ್ದ ಕೂಡಲೇ ಮೈಕಿನಲ್ಲಿ ಜೇನುಹುಳದ ಸದ್ದು. ಚಾರ್ಜರ್ ತೆಗೆದು ಲ್ಯಾಪ್‌ಟಾಪಿನ ಬ್ಯಾಟರಿ ಮೇಲೆ ನಡೆಸಿದರೆ ಚೂರೂ ಇಲ್ಲ, ಇಂಟರ್‌ಫೇಸಿಗೂ (ಮೈಕಿನ ದನಿಯನ್ನು ಲ್ಯಾಪ್‌ಟಾಪಿಗೆ ಕೊಡುವ ಪೆಟ್ಟಿಗೆ) ಯುಎಸ್‌ಬಿಯಿಂದಲೇ ಕರೆಂಟು. ಬ್ಯಾಟರಿ 2 ಗಂಟೆ 20 ನಿಮಿಷ ಬಂತು. ಹಾಗಾಗಿ ಒಂದು ರಾತ್ರಿಯ ಕೆಲಸ ಅಂದರೆ 2 ಗಂಟೆ 20 ನಿಮಿಷ. ಇದು ಒಳ್ಳೆಯದೇ ಆಯಿತು, ಅದಕ್ಕಿಂತ ಹೆಚ್ಚು ಹೊತ್ತು ಹಾಡಿದ ಗಂಟಲು ಕೇಳುವಂತಿರುವುದಿಲ್ಲ.

ಹಂತ 3. ಹಾಳಾದ ಮೂರು ರಾತ್ರಿ

ಎಲ್ಲರೂ ಮಾಡುವಂತೆ ಮೊದಲು ಕ್ಲಿಕ್ (ಕಿವಿಗೆ ತಾಳದ ಟಿಕ್ ಟಿಕ್) ಹಾಕಿಕೊಂಡು ಗಿಟಾರು, ಆಮೇಲೆ ಏಕತಾರಿ, ಆಮೇಲೆ ದನಿ, ಕೊನೆಗೆ ಚಿಟಿಕಿ ಎಂದು ಒಂದೊಂದಾಗಿ ಹಿಡಿದೆವು. ಎಲ್ಲವೂ ಕಾಲಕ್ಕೆ ಸರಿಯಾಗಿತ್ತು, ಹಾಡು ಮಾತ್ರ ಇರಲಿಲ್ಲ. ತತ್ವಪದ ಹೇಳುವವರು ಸಾಲಿನ ಕೊನೆಯಲ್ಲಿ ಒಂದು ಉಸಿರು ಎಳೆಯುತ್ತಾರೆ, ಪಲ್ಲವಿಗೆ ಮರಳುವಾಗ ಚೂರು ಮುನ್ನುಗ್ಗುತ್ತಾರೆ. ಕ್ಲಿಕ್ ಇಲ್ಲದ ಟೇಕುಗಳನ್ನು ಅಳೆದರೆ ನಿಮಿಷಕ್ಕೆ 72 ಹೆಜ್ಜೆಯಲ್ಲಿ ಶುರುವಾದ ಹಾಡು 78ಕ್ಕೆ ಮುಗಿಯುತ್ತದೆ. ಆ ಆರು ಹೆಜ್ಜೆ ಕಿತ್ತರೆ ಪದ ಶಾಲೆಯ ಪ್ರಾರ್ಥನೆಯಂತೆ ಕೇಳುತ್ತದೆ.

ಇನ್ನೊಂದು ತಪ್ಪು, ಇದಕ್ಕಿಂತ ಪೆದ್ದತನದ್ದು: ಗೇನ್ ಅನ್ನು (ಮೈಕಿನ ದನಿ ಎಷ್ಟು ಎತ್ತಬೇಕೆಂಬ ಮಟ್ಟವನ್ನು) ದನಿ ನೋಡಿ ಇಟ್ಟೆವು. ಚಿಟಿಕಿಯ ಪೆಟ್ಟು ಕಿವಿಗೆ ಸಣ್ಣದು, ಮೀಟರಿಗೆ ದೊಡ್ಡದು. ಮೊದಲ ರಾತ್ರಿಯ ಒಂದೊಂದು ಚಿಟಿಕಿಯೂ ಮೇಲಕ್ಕೆ ಬಡಿದು ಒಡೆದಿತ್ತು. ಗೇನ್ ಇಡುವಾಗ ಚಿಟಿಕಿಯನ್ನೇ ಜೋರಾಗಿ ಬಾರಿಸಿ, ಅದರ ತುದಿ −6 ಡಿಬಿ ದಾಟದಂತೆ ನೋಡಿ. ದನಿ −20ರ ಆಸುಪಾಸಿಗೆ ಇಳಿಯುತ್ತದೆ, ಇಳಿಯಲಿ. 24 ಬಿಟ್‌ನಲ್ಲಿ ಆಮೇಲೆ ಎತ್ತಿಕೊಳ್ಳಬಹುದು.

ಹಂತ 4. ಇಬ್ಬರೂ ಒಟ್ಟಿಗೆ (ಮೇ ಮೂರು, ನಾಲ್ಕನೇ ವಾರ)

ಒಟ್ಟಿಗೆ ಹಾಡಿ ಹಿಡಿಯುವುದು ಎಂದಾಯಿತು. ಆಗ ನಾಲ್ಕು ಕೈ ಕಟ್ಟಳೆ ಮುರಿದೆವು: ನಾಲ್ಕು ಇನ್‌ಪುಟ್ಟಿನ ಇಂಟರ್‌ಫೇಸ್ ದಿನಕ್ಕೆ 800ರಂತೆ ಮೂರು ದಿನ ಬಾಡಿಗೆಗೆ ತಂದು ನಾಲ್ಕು ಮೈಕು ಇಟ್ಟೆವು, ಎರಡು ಬಾಯಿಗೆ, ಎರಡು ವಾದ್ಯಕ್ಕೆ. ಒಂದೊಂದೇ ಕೇಳಿದರೆ ಚೆನ್ನ. ನಾಲ್ಕೂ ಕೂಡಿಸಿದರೆ ಗಿಟಾರಿನವರ ದನಿ ಕೊಳವೆಯೊಳಗಿಂದ ಬಂದ ಹಾಗೆ. ಬಾಯಿಯ ಮೈಕಿಗೂ ಗಿಟಾರಿನ ಮೈಕಿಗೂ 38 ಸೆಂ.ಮೀ. ಅಂತರ. ಒಂದೇ ದನಿ ಎರಡನೇ ಮೈಕಿಗೆ ಒಂದು ಮಿಲಿಸೆಕೆಂಡಿಗಿಂತ ತುಸು ತಡವಾಗಿ ಮುಟ್ಟಿ 450 ಹರ್ಟ್ಸ್ ಸುತ್ತ ತನ್ನನ್ನು ತಾನೇ ತಿನ್ನುತ್ತಿತ್ತು. ಮೈಕು ಸರಿಸಿದರೆ ತೂತು ಬೇರೆ ಕಡೆ ಹೋಗುತ್ತದೆ, ಮುಚ್ಚುವುದಿಲ್ಲ. 2,400 ರೂಪಾಯಿ ನೀರಿಗೆ.

ಕೆಲಸಕ್ಕೆ ಬಂದದ್ದು ಎರಡೇ ಮೈಕು. ಸಣ್ಣ ಡಯಾಫ್ರಾಮಿನ ಕಂಡೆನ್ಸರ್ ಜೋಡಿಯನ್ನು ಒಂದೇ ಸ್ಟ್ಯಾಂಡಿನ ಅಡ್ಡಪಟ್ಟಿಗೆ ಹಾಕಿ, ತುದಿಯಿಂದ ತುದಿಗೆ 17 ಸೆಂ.ಮೀ., ನಡುವಿನ ಕೋನ 110 ಡಿಗ್ರಿ. ಓಆರ್‌ಟಿಎಫ್ ಎನ್ನುವುದು ಇದನ್ನೇ. ಕೋನಮಾಪಕ ಇಲ್ಲದಿದ್ದರೆ ಶಾಲೆಯ ಕಂಪಾಸ್ ಪೆಟ್ಟಿಗೆಯದು ಸಾಕು. ಮೈಕಿನ ಎತ್ತರ ನೆಲದಿಂದ 85 ಸೆಂ.ಮೀ., ಇಬ್ಬರೂ ನೆಲದ ಮೇಲೆ, ಮೈಕಿನ ಮುಂದೆ ಅರ್ಧಚಂದ್ರಾಕಾರದಲ್ಲಿ.

ಮಿಕ್ಸಿಂಗ್ ಅನ್ನುವುದನ್ನೆಲ್ಲ ಇಲ್ಲಿ ಕುಂಡೆ ಸರಿಸಿಯೇ ಮಾಡಬೇಕು. ಏಕತಾರಿಯವರ ಬಾಯಿ ಮೈಕಿಗೆ 75 ಸೆಂ.ಮೀ., ಗಿಟಾರಿನವರ ಬಾಯಿ 95. ಗಿಟಾರು ಕಡಿಮೆ ಕೇಳಿತು. ಅವರನ್ನು ಮುಂದೆ ತಂದರೆ ಎರಡನೇ ದನಿ ಮೊದಲನೆಯದನ್ನು ನುಂಗುತ್ತದೆ. ಆರು ಇಂಚಿನ ಮಣೆಯ ಮೇಲೆ ಕೂರಿಸಿದಾಗ ಗಿಟಾರು ಮೈಕಿನ ಮಟ್ಟಕ್ಕೆ ಹತ್ತಿರವಾಯಿತು, ಬಾಯಿ ಮೈಕಿಗಿಂತ ಮೇಲಕ್ಕೆ ಹೋಯಿತು. ಎರಡೂ ಒಂದೇ ಏಟಿಗೆ ಸರಿ. ಬುರುಡೆಯ ಚರ್ಮದ ಮುಖ ಮೈಕಿಗೆ ನೇರ ಇದ್ದರೆ ಏಕತಾರಿ ಗದರುತ್ತದೆ. ಮೂವತ್ತು ಡಿಗ್ರಿ ಹೊರಳಿಸಿದರೆ ಸಾಕು. ದಮ್ಮಡಿ ಇರುವ ಎರಡು ಹಾಡಿಗೆ ಗಿಟಾರಿನವರೇ ದಮ್ಮಡಿ ಹಿಡಿದು 2.4 ಮೀಟರ್ ಹಿಂದೆ, ಅಂಗೈ ಬೇಡ, ಬೆರಳಲ್ಲೇ ನುಡಿತ. ಎಲ್ಲ ಸರಿಯಾದ ಮೇಲೆ ಮಣೆಯ ನಾಲ್ಕು ಮೂಲೆ, ಮೊಣಕಾಲಿನ ಜಾಗ, ಸ್ಟ್ಯಾಂಡಿನ ಮೂರು ಕಾಲು ಎಲ್ಲಕ್ಕೂ ನೆಲದ ಮೇಲೆ ಬಿಳಿ ಟೇಪು. ಮರುದಿನ ಅದೇ ಜಾಗ ಸಿಗದಿದ್ದರೆ ಬೇರೆ ರೆಕಾರ್ಡಿನಂತೆ ಕೇಳುತ್ತದೆ.

48 ಕಿಲೋಹರ್ಟ್ಸ್, 24 ಬಿಟ್. ಸ್ಟೀರಿಯೋ ಒಂದು ಗಂಟೆಗೆ ಸುಮಾರು 1 ಜಿಬಿ. ರಾತ್ರಿ 11ರ ಮೇಲೆ ಕೆಲಸ, ಎಂಟು ರಾತ್ರಿ.

ಅಂಟಿಸುವ ಆಸೆ: ಮೂರನೇ ಟೇಕಿನ ಮೊದಲರ್ಧ, ಐದನೇ ಟೇಕಿನ ಕೊನೆಯರ್ಧ ಸೇರಿಸಿ ಒಂದು ಮಾಡಲು ಹೋದೆವು. ಸೇರಲಿಲ್ಲ. ಫ್ಯಾನಿಲ್ಲದ ಮೇ ತಿಂಗಳ ಕೋಣೆಯಲ್ಲಿ ಏಕತಾರಿ ಎರಡು ಟೇಕಿನ ನಡುವೆ 15 ಸೆಂಟ್ (ಶ್ರುತಿಯ ಸಣ್ಣ ಅಳತೆ) ಇಳಿದಿತ್ತು. ಅಂದಿನಿಂದ ಪ್ರತಿ ಟೇಕಿಗೂ ಮುಂಚೆ ಬಿರಡೆ ತಿರುವಿ ಟ್ಯೂನರ್ ನೋಡುವುದು ಕಡ್ಡಾಯ. ಅಂಟು ಹಾಕಿದ್ದು ಒಂದೇ ಕಡೆ, ನುಡಿಗಳ ನಡುವಿನ ಖಾಲಿಯಲ್ಲಿ.

ಒಂದು ಹಾಡಿನ ಕೊನೆಯಲ್ಲಿ ಹಲ್ಲಿ ಲೊಚಗುಟ್ಟಿದೆ. ತೆಗೆಯಲಿಲ್ಲ. ಹಲ್ಲಿ ನುಡಿದರೆ ಹೇಳಿದ್ದು ಸತ್ಯ ಅನ್ನುವ ನಾಡಿನಲ್ಲಿ ಅದನ್ನು ಕತ್ತರಿಸುವುದು ಸರಿ ಕಾಣಲಿಲ್ಲ.

ಹಂತ 5. ಮಿಕ್ಸ್

ಹೇಳಿಕೊಳ್ಳುವಂಥದ್ದಿಲ್ಲ. 70 ಹರ್ಟ್ಸ್ ಕೆಳಗಿನದು ಕಟ್, 250ರ ಸುತ್ತ 3 ಡಿಬಿ ಕಡಿತ (ಗಾದಿಗೆ ಬಗ್ಗದ ಗುಂಯ್ ಇದೇ). ಚಿಟಿಕಿಯ ತುದಿಗಳನ್ನು ಲಿಮಿಟರಿಗೆ (ಜೋರು ತುದಿಗಳನ್ನು ತಾನೇ ಒತ್ತುವ ಸಾಧನಕ್ಕೆ) ಬಿಟ್ಟರೆ ಹಿಂದಿನ ದನಿಯೂ ಜೊತೆಗೇ ಕುಗ್ಗುತ್ತದೆ. ಆದ್ದರಿಂದ ಹೆಚ್ಚು ಚುಚ್ಚುವ ಪೆಟ್ಟುಗಳನ್ನು ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಕೈಯಿಂದಲೇ ಇಳಿಸಿದೆವು, ಒಂದು ಹಾಡಿಗೆ ಸುಮಾರು ನಲವತ್ತು ಜಾಗ, ಎರಡು ಸಂಜೆ. ಸ್ಪಾಟಿಫೈ ಹಾಡುಗಳನ್ನು −14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಜೋರಿನ ಅಳತೆ) ಮಟ್ಟಕ್ಕೆ ಹೊಂದಿಸುತ್ತದೆ. ನಮ್ಮದು −17ಕ್ಕೆ ನಿಂತಿತು, ತುದಿ −1. ಎಳೆದಾಡಿ −14 ಮಾಡಿದ ಪ್ರತಿಯಲ್ಲಿ ಏಕತಾರಿ ಉಸಿರುಗಟ್ಟಿತು, ಅದನ್ನು ಅಳಿಸಿದೆವು.

ಖರ್ಚು ಇಲ್ಲಿಯವರೆಗೆ: ಎರಡು ಇನ್‌ಪುಟ್ಟಿನ ಇಂಟರ್‌ಫೇಸ್ ಹಳೆಯದು 9,500, ಮೈಕ್ ಜೋಡಿ ಹಳೆಯದು 13,000, ಎರಡು ಸ್ಟ್ಯಾಂಡು 1,800, ಅಡ್ಡಪಟ್ಟಿ 450, ಕೇಬಲ್ 1,100, ರೀಪರ್ ಲೈಸೆನ್ಸ್ 60 ಡಾಲರ್, ಕಾರ್ಡಿನ ಶುಲ್ಕ ಸೇರಿ 5,300, ಹಗ್ಗ, ಮೊಳೆ, ಟೇಪು 240, ವ್ಯರ್ಥ ಬಾಡಿಗೆ 2,400. ಒಟ್ಟು 33,790. ಕೌದಿ ಮನೆಯವು.

ಹಂತ 6. ಹಕ್ಕು, ಬಿಡುಗಡೆ (ಜುಲೈ–ಸೆಪ್ಟೆಂಬರ್)

ಎಲ್ಲಕ್ಕಿಂತ ದುಬಾರಿ ತಪ್ಪು ಇಲ್ಲಿದೆ, ಮತ್ತು ಇದು ಮೇ ತಿಂಗಳಲ್ಲೇ ಆಗಿತ್ತು. ಶರೀಫರು ತೀರಿಕೊಂಡದ್ದು 1889ರಲ್ಲಿ. ಬರೆದವರು ತೀರಿ 60 ವರ್ಷ ಕಳೆದರೆ ಭಾರತದಲ್ಲಿ ಸಾಹಿತ್ಯದ ಹಕ್ಕು ಮುಗಿಯುತ್ತದೆ, ಆದ್ದರಿಂದ ಪದ ಎಲ್ಲರದೂ ಎಂದುಕೊಂಡು ನಿಶ್ಚಿಂತೆಯಿಂದ ಹಾಡಿದೆವು. ಪದ ಎಲ್ಲರದೇ, ಧಾಟಿ ಅಲ್ಲ. ನಾಲ್ಕರಲ್ಲಿ ಒಂದು ಪದದ ಧಾಟಿ ನಾವು ಭಜನೆಯಲ್ಲಿ ಕಲಿತದ್ದೆಂದು ನಂಬಿದ್ದೆವು. ಹಿಂದೆ ಹೋಗಿ ಹುಡುಕಿದರೆ ಅದು ಸಿ. ಅಶ್ವತ್ಥ್ ಅವರ ರಾಗ ಸಂಯೋಜನೆ, ಕ್ಯಾಸೆಟ್ಟಿನಿಂದ ಭಜನೆಗೆ ಬಂದದ್ದು. ಅಶ್ವತ್ಥ್ ತೀರಿಕೊಂಡದ್ದು 2009ರಲ್ಲಿ, ಅಂದರೆ 2069 ಮುಗಿಯುವವರೆಗೆ ಹಕ್ಕು ಇದೆ. ಕಾಪಿರೈಟ್ ಕಾಯ್ದೆಯ 31ಸಿ ಕಲಮಿನಲ್ಲಿ ಕವರ್ ಹಾಡಿಗೆ ದಾರಿ ಇದೆ, ಆದರೆ ವರ್ಷಕ್ಕೆ ಕನಿಷ್ಠ 50,000 ಪ್ರತಿಯ ರಾಯಲ್ಟಿ ಕಟ್ಟಬೇಕು. ಇಬ್ಬರ ತಂಡಕ್ಕೆ ಅದು ದಾರಿಯೇ ಅಲ್ಲ. ಹಾಡನ್ನು ಕೈಬಿಟ್ಟೆವು. ಎರಡು ರಾತ್ರಿಯ ಕೆಲಸ, ಆರರಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬಂದ ಟೇಕು.

ಈ ಕೆಲಸಕ್ಕೆ ಇಳಿಯುವವರು ಹಾಡು ಆರಿಸುವ ದಿನವೇ ಪ್ರತಿ ಹಾಡಿನ ಮುಂದೆ ಎರಡು ಸಾಲು ಬರೆದಿಟ್ಟುಕೊಳ್ಳಿ: ಪದ ಯಾರದು, ಧಾಟಿ ಯಾರದು. ಎರಡನೇ ಸಾಲು ತುಂಬಲು ಬಾರದಿದ್ದರೆ ಮೈಕು ಹಚ್ಚಬೇಡಿ.

ವಿತರಣೆಗೆ ಆನ್‌ಲೈನ್ ವಿತರಕರ ಮೂಲಕ ಹೋದರೆ ಐಎಸ್‌ಆರ್‌ಸಿ, ಅಂದರೆ ಪ್ರತಿ ರೆಕಾರ್ಡಿಂಗಿನ ಗುರುತಿನ ಸಂಖ್ಯೆ, ಅವರೇ ಹಾಕುತ್ತಾರೆ. ಮುಖಚಿತ್ರ 3000×3000 ಪಿಕ್ಸೆಲ್. ಮೂರು ಎಡವಟ್ಟು: ಬಿಡುಗಡೆ ದಿನವನ್ನು ನಾಲ್ಕೇ ದಿನ ಮುಂದಕ್ಕೆ ಇಟ್ಟೆವು, ಸ್ಪಾಟಿಫೈ ಪ್ಲೇಲಿಸ್ಟ್ ಸಂಪಾದಕರಿಗೆ ಹಾಡು ಕಳಿಸಲು ಕನಿಷ್ಠ ಏಳು ದಿನ ಬೇಕು, ಅವಕಾಶ ತಪ್ಪಿತು. ತಂಡದ ಹೆಸರು ಇನ್ನೊಬ್ಬರಿಗೂ ಇತ್ತು, ಎರಡು ಹಾಡು ಅವರ ಪುಟಕ್ಕೆ ಹೋಗಿ ಕೂತವು, ವಾಪಸ್ ತರಲು ಹನ್ನೊಂದು ದಿನ. ಹಾಡಿನ ಹೆಸರು ಕನ್ನಡ ಲಿಪಿಯಲ್ಲಿ ಕೆಲವು, ಇಂಗ್ಲಿಷ್ ಲಿಪಿಯಲ್ಲಿ ಕೆಲವು ಹಾಕಿದ್ದರಿಂದ ಹುಡುಕುವವರಿಗೆ ಅರ್ಧವೇ ಸಿಗುತ್ತಿತ್ತು.

ದುಡ್ಡಿನ ಮಾತು: 2024ರಿಂದ ಸ್ಪಾಟಿಫೈನಲ್ಲಿ ಹನ್ನೆರಡು ತಿಂಗಳಲ್ಲಿ ಸಾವಿರ ಸಲ ಕೇಳದ ಹಾಡಿಗೆ ಕಾಸಿಲ್ಲ. ಬ್ಯಾಂಡ್‌ಕ್ಯಾಂಪ್ ಡಿಜಿಟಲ್ ಮಾರಾಟದಲ್ಲಿ ನೂರಕ್ಕೆ 15 ಹಿಡಿದು ಉಳಿದದ್ದನ್ನು ಪೇಪಾಲ್‌ಗೆ ಹಾಕುತ್ತದೆ. ಆದರೆ ಪೇಪಾಲ್ ಭಾರತದೊಳಗಿನ ಪಾವತಿಯನ್ನು 2021ರ ಏಪ್ರಿಲ್‌ನಿಂದ ನಿಲ್ಲಿಸಿದೆ. ಹೊರದೇಶದ ಕನ್ನಡಿಗರು ಅಲ್ಲಿ ಕೊಳ್ಳಲಿ, ಇಲ್ಲಿಯವರಿಗೆ ಯುಪಿಐ ಕ್ಯೂಆರ್. ಇದನ್ನು ಅರಿತ ಮೇಲೆ 16 ಪುಟದ ಹಾಡಿನ ಪುಸ್ತಕ ಅಚ್ಚು ಹಾಕಿಸಿದೆವು. ಜಾತ್ರೆಯಲ್ಲಿ ಮಾರುತ್ತಿದ್ದ ಪದಗಳ ಪುಸ್ತಕದ ಅಳತೆಯದು, ಹಿಂದಿನ ರಟ್ಟಿಗೆ ಹಾಡು ಇಳಿಸಿಕೊಳ್ಳುವ ಕ್ಯೂಆರ್. 300 ಪ್ರತಿ, ಒಂದಕ್ಕೆ 14 ರೂಪಾಯಿ, ಮಾರುವ ಬೆಲೆ 50.

ಹಂತ 7. ಏಕತಾರಿಗೆ ಪಿಕಪ್ (ಅಕ್ಟೋಬರ್)

ಮನೆಯಲ್ಲಿ ಎರಡು ಮೈಕು ಸಾಕು, ಊರ ಮುಂದಿನ ಕಟ್ಟೆಯ ಮೇಲೆ ಸಾಲದು. ಏಕತಾರಿಯ ಮುಂದೆ ಮೈಕು ಇಟ್ಟರೆ ಚರ್ಮದ ಮುಖ ಸ್ಪೀಕರಿನ ದನಿಯನ್ನೇ ಹೀರಿ ಕೂಗತೊಡಗುತ್ತದೆ. ಬೆಂಗಳೂರಿನ ಎಸ್‌.ಪಿ. ರೋಡಿನಿಂದ ಪೀಜೋ ಡಿಸ್ಕು (ಕಂಪನವನ್ನು ವಿದ್ಯುತ್ತಾಗಿಸುವ ತೆಳು ಬಿಲ್ಲೆ) ತರಿಸಿದೆವು, 12 ರೂಪಾಯಿಗೆ ಒಂದು, ಆರು.

ಯತ್ನ 1: 27 ಮಿ.ಮೀ. ಡಿಸ್ಕು ನೇರವಾಗಿ ಚರ್ಮದ ಮೇಲೆ, ಎರಡೂ ಬದಿ ಅಂಟುವ ಟೇಪಿನಿಂದ. ತಂತಿಗಿಂತ ಬಟ್ಟೆ ಸವರಿದ ಸದ್ದು ಹೆಚ್ಚು. ಮೈಕಿಗಿಂತ ಬೇಗ ಕೂಗಿತು. ಟೇಪು ಕೀಳುವಾಗ ಚರ್ಮದ ಮೇಲ್ಪದರ ಕಿತ್ತು ಬಂತು.

ಯತ್ನ 2: ಕುದುರೆಯ ಕೆಳಗೆ. ದನಿ ಸಿಕ್ಕಿತು, ಆದರೆ ತಗಡು ಬಡಿದಂತೆ. ಕುದುರೆ ಅರ್ಧ ಮಿ.ಮೀ. ಎತ್ತರವಾಗಿ ಜೀವಾಳಿಯ ಹದ ತಪ್ಪಿತು.

ಯತ್ನ 3: ಹಿಡಿಯುವ ಕೈಯ ಕೆಳಗೆ, ಬಿದಿರಿನ ಮೇಲೆ. ಏಕತಾರಿಯಲ್ಲಿ ಹಿಡಿಯುವ ಕೈಯ ತೋರುಬೆರಳೇ ಮೀಟುವುದು. ಬೆರಳಿನ ಪ್ರತಿ ಚಲನೆಯೂ ಗುಡುಗು.

ಯತ್ನ 4, ಉಳಿದದ್ದು: ಬುರುಡೆಯ ಕೆಳಗೆ ಹೊರಚಾಚಿದ ಬಿದಿರಿನ ತುದಿ, ತಂತಿ ಕಟ್ಟುವ ಜಾಗದ ಪಕ್ಕ. ಬಿದಿರು ದುಂಡಗಿರುವುದರಿಂದ ದೊಡ್ಡ ಡಿಸ್ಕು ಕೂರದು. 15 ಮಿ.ಮೀ. ಡಿಸ್ಕು, ಅಲ್ಲಿ ಅರದಿಂದ ಉಜ್ಜಿ ಮಾಡಿದ ಸಣ್ಣ ಸಪಾಟು, ಜೇನುಮೇಣದ ತೆಳು ಪದರ. ಕೈಯಿಂದ ದೂರ, ಚರ್ಮದಿಂದಲೂ ದೂರ.

ಡಿಸ್ಕನ್ನು ನೇರ ಮಿಕ್ಸರಿನ ಲೈನ್ ಇನ್‌ಪುಟ್ಟಿಗೆ ಕೊಟ್ಟರೆ ಸೊಳ್ಳೆಯ ದನಿ, ಷಡ್ಜದ ಬುಡವೇ ಇಲ್ಲ. ಪೀಜೋಗೆ ಎದುರಿನ ಇನ್‌ಪುಟ್ಟಿನಲ್ಲಿ ಕನಿಷ್ಠ 1 ಮೆಗಾಓಮ್‌ನ ತಡೆ (ಇಂಪಿಡೆನ್ಸ್) ಬೇಕು, ಲೈನ್ ಇನ್‌ಪುಟ್ಟಿನಲ್ಲಿ ಇರುವುದು 10 ಕಿಲೋಓಮ್‌ನ ಸುತ್ತ. ನಡುವೆ ಈ ತಡೆ ಒದಗಿಸುವ ಬಫರ್ ಸರ್ಕಿಟ್ ಕಟ್ಟಿದ್ದು ಹೀಗೆ: ಟಿಎಲ್‌072 ಐಸಿ, 9 ವೋಲ್ಟ್ ಬ್ಯಾಟರಿ, ಎರಡು 100 ಕಿಲೋಓಮ್ ರೆಸಿಸ್ಟರಿನಿಂದ ನಡು ವೋಲ್ಟೇಜು, ಅಲ್ಲಿ ನೆಲಕ್ಕೆ (ಗ್ರೌಂಡಿಗೆ) 10 ಮೈಕ್ರೋಫ್ಯಾರಡ್, ಅಲ್ಲಿಂದ ಪ್ಲಸ್ ಇನ್‌ಪುಟ್ಟಿಗೆ 1 ಮೆಗಾಓಮ್, ಡಿಸ್ಕು ಅದೇ ಪ್ಲಸ್ ಇನ್‌ಪುಟ್ಟಿಗೆ 0.1 ಮೈಕ್ರೋಫ್ಯಾರಡ್ ಮೂಲಕ, ಔಟ್‌ಪುಟ್ಟನ್ನು ಮೈನಸ್‌ಗೆ ಸುತ್ತಿಸಿ, ಹೊರಗೆ 10 ಮೈಕ್ರೋಫ್ಯಾರಡ್ ಮತ್ತು 1 ಕಿಲೋಓಮ್. ಐಸಿಯ ಉಳಿದರ್ಧವನ್ನು ತೂಗಾಡಲು ಬಿಡಬೇಡಿ. ಅದರ ಔಟ್‌ಪುಟ್ಟನ್ನು ಮೈನಸ್‌ಗೆ, ಪ್ಲಸ್ಸನ್ನು ನಡು ವೋಲ್ಟೇಜಿಗೆ ಕಟ್ಟಿ.

ಸ್ವಿಚ್ಚು ಹಾಕಲಿಲ್ಲ. ಸ್ಟೀರಿಯೋ ಜಾಕಿನ ರಿಂಗಿಗೆ ಬ್ಯಾಟರಿಯ ಮೈನಸ್ ಕಟ್ಟಿದರೆ, ಮೋನೋ ಪಿನ್ನು ಚುಚ್ಚಿದಾಗ ಮಾತ್ರ ಕರೆಂಟು ಹರಿಯುತ್ತದೆ. ಅದಕ್ಕೇ ಪಿನ್ನು ಕೀಳದೆ ಮಲಗಿದ ರಾತ್ರಿಗಳ ಬ್ಯಾಟರಿ ಬೇಗ ಸತ್ತಿತು.

ಗುಂಯ್: ಡಿಸ್ಕಿನ ಜೊತೆ ಬರುವ ಕೂದಲೆಳೆಯ ವೈರು ಟ್ಯೂಬ್‌ಲೈಟನ್ನೆಲ್ಲ ಹಿಡಿದು ತರುತ್ತದೆ. ಶೀಲ್ಡ್ ವೈರು ಹಾಕಿ, ಡಿಸ್ಕಿನ ಮೇಲೆ ತಾಮ್ರದ ಟೇಪು ಸುತ್ತಿ ನೆಲಕ್ಕೆ ಜೋಡಿಸಿದೆವು. ಮೊದಲ ಸಲ ಟೇಪು ಡಿಸ್ಕಿನ ನಡುಬಿಂದುವಿಗೂ ತಾಗಿ ದನಿಯೇ ಹೋಯಿತು, ಅರ್ಧ ದಿನ ಐಸಿಯನ್ನು ಬೈದೆವು. ನಡುವೆ ಸೆಲ್ಲೋ ಟೇಪು ಹಚ್ಚಿ, ಆಮೇಲೆ ತಾಮ್ರ. ಒಟ್ಟು ಖರ್ಚು 425, ಅದರಲ್ಲಿ ತಾಮ್ರದ ಟೇಪೇ 120.

ಹಂತ 8. ಮೈಕ್‌ಸೆಟ್‌ನವರ ಜೊತೆ

ಹಳ್ಳಿ, ಶಾಲೆ, ಮಠದ ಅಂಗಳ, ಎಲ್ಲಿ ಹೋದರೂ ಆಂಪ್ಲಿಫೈಯರ್, ಸ್ಪೀಕರು ಅವರದು. ನಮ್ಮದು ಎಂಟು ಚಾನೆಲ್ಲಿನ ಸಣ್ಣ ಮಿಕ್ಸರು, ಎರಡು ಎಸ್‌ಎಂ58 ಮೈಕು ದನಿಗೆ, ಒಂದು ಎಸ್‌ಎಂ57 ದಮ್ಮಡಿಗೆ, ಗಿಟಾರಿಗೂ ಏಕತಾರಿಗೂ ಡಿಐ ಪೆಟ್ಟಿಗೆ (ವಾದ್ಯದ ಪಿಕಪ್ಪನ್ನು ಮಿಕ್ಸರಿಗೆ ಹೊಂದಿಸುವುದು). ನಾವು ಮಿಕ್ಸ್ ಮಾಡಿ ಒಂದೇ ವೈರು ಅವರಿಗೆ ಕೊಡುವುದು.

ಇಷ್ಟು ಯಾಕೆಂದರೆ ಎಕೋ. ‘ಎಕೋ ಬ್ಯಾಡ್ರಿ ಅಣ್ಣಾರ’ ಎಂದರೆ ‘ಎಕೋ ಇಲ್ಲಂದ್ರ ಹಾಡು ಬೋಳ್ ಅನಸ್ತೈತ್ರಿ’ ಎನ್ನುತ್ತಾರೆ. ಅವರ ಅನುಭವದಲ್ಲಿ ಅದು ನಿಜವೇ. ಜಗಳಕ್ಕೆ ಇಳಿಯಬೇಡಿ. ನಿಮ್ಮ ವೈರು ಎಕೋ ಇಲ್ಲದ ಆಕ್ಸ್ ಇನ್‌ಪುಟ್ಟಿಗೆ ಹೋಗುವಂತೆ ನೋಡಿಕೊಳ್ಳಿ, ನಿರೂಪಕರ ಮೈಕಿಗೆ ಎಕೋ ಇರಲಿ.

ಆಕ್ಸ್ ಖಾಲಿ ಇಲ್ಲದೆ ಮೈಕ್ ಇನ್‌ಪುಟ್ಟೇ ಗತಿಯಾದರೆ ಮಿಕ್ಸರಿನ ಲೈನ್ ಔಟ್ ಅಲ್ಲಿ ಒಡೆಯುತ್ತದೆ. ಮೊದಲ ಕಾರ್ಯಕ್ರಮದಲ್ಲಿ ಮಾಸ್ಟರ್ ಫೇಡರನ್ನು ಬಹುಪಾಲು ಕೆಳಗಿಳಿಸಿ ಹೇಗೋ ದಾಟಿಸಿದೆವು, ಹಿಂದೆ ಇಡೀ ಹೊತ್ತು ಹುಸ್ ಸದ್ದು. ಮರುದಿನ ಒಂದು ಕೇಬಲ್ಲಿನ ಜಾಕಿನೊಳಗೇ 10 ಕಿಲೋಓಮ್ ಸಾಲಾಗಿ, 100 ಓಮ್ ಅಡ್ಡಲಾಗಿ ಬೆಸುಗೆ ಹಾಕಿದೆವು. 40 ಡಿಬಿ ಇಳಿಯುತ್ತದೆ. ಎರಡು ರೂಪಾಯಿಯ ಕೆಲಸ, ಕೆಂಪು ಟೇಪು ಸುತ್ತಿ ಗುರುತು ಮಾಡಿಡಿ.

ರಾತ್ರಿ 10ರ ಮೇಲೆ ಬಯಲಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ, 2000ದ ಶಬ್ದಮಾಲಿನ್ಯ ನಿಯಮ. ಹಳ್ಳಿಯಲ್ಲಿ ಊಟ ಮುಗಿದು ಜನ ಸೇರುವುದೇ ಒಂಬತ್ತೂವರೆಗೆ. ಆದ್ದರಿಂದ ಹಾಡುಗಳನ್ನು ಎರಡು ಭಾಗ ಮಾಡಿ: ದಮ್ಮಡಿ, ಗಿಟಾರು ಇರುವವು ಮೊದಲು, ಹತ್ತಕ್ಕೆ ಮೈಕು ಬಂದ್ ಮಾಡಿ ಜನರನ್ನು ಹತ್ತಿರ ಕರೆದು ಬರಿ ಏಕತಾರಿಯ ಪದ. ಪೊಲೀಸ್ ಠಾಣೆಯ ಧ್ವನಿವರ್ಧಕ ಪರವಾನಗಿ ಸಂಘಟಕರ ಹೆಸರಲ್ಲೇ ಇರಲಿ, ಅದರ ಫೋಟೋ ನಿಮ್ಮ ಮೊಬೈಲಿನಲ್ಲಿರಲಿ.

ಹಂತ 9. ತಿರುಗಾಟ (ಡಿಸೆಂಬರ್–ಜನವರಿ)

ಒಂಬತ್ತು ದಿನ, ಆರು ಕಾರ್ಯಕ್ರಮ: ಮೂರು ಕಡೆ ಗೊತ್ತುಮಾಡಿದ ಸಂಭಾವನೆ, ಮೂರು ಮನೆ ಬೈಠಕ್. ಧಾರವಾಡ, ಹುಬ್ಬಳ್ಳಿ, ಗದಗ, ಕೊಪ್ಪಳ, ಹೊಸಪೇಟೆ ಒಂದೇ ದಾರಿಯಲ್ಲಿ ಬರುವುದರಿಂದ ಹಿಂದೆ ಮುಂದೆ ಅಲೆದಾಟ ಇರಲಿಲ್ಲ. ಸಾಮಾನು: ಗಿಟಾರಿನ ಗಟ್ಟಿ ಪೆಟ್ಟಿಗೆ, ಏಕತಾರಿಗೆ ಕಂಬಳಿ ಸುತ್ತಿದ ಪಿವಿಸಿ–ಬಕೆಟ್ ಜೋಡಣೆ (ಬುರುಡೆ ಬಕೆಟ್ಟಿನೊಳಗೆ, ಬಿದಿರು ಪೈಪಿನೊಳಗೆ), ಮಿಕ್ಸರಿನ ಬೆನ್ನುಚೀಲ, ಸ್ಟ್ಯಾಂಡು–ಕೇಬಲ್ಲಿನ ಉದ್ದ ಚೀಲ. ನಾಲ್ಕು ಕೈ, ನಾಲ್ಕು ಗಂಟು. ಪುಸ್ತಕದ ಕಟ್ಟು ಐದನೆಯದಾಯಿತು, ಅದೇ ದಿನ ಹತ್ತುವಾಗ ಉದ್ದ ಚೀಲ ಬಾಗಿಲಿಗೆ ಸಿಕ್ಕಿ ಸ್ಟ್ಯಾಂಡು ಮುರಿಯಿತು.

ದಮ್ಮಡಿ ಇಬ್ಬನಿಗೆ ಸಡಿಲಾಗುತ್ತದೆ. ಹುಲ್ಲಿನ ಬೆಂಕಿ ಎಲ್ಲ ಕಡೆ ಸಿಗುವುದಿಲ್ಲವೆಂದು ಹೇರ್ ಡ್ರೈಯರ್ ಒಯ್ದೆವು. ಒಂದಡಿ ದೂರದಿಂದ ಎರಡು ನಿಮಿಷ, ಕೈ ಆಡಿಸುತ್ತಲೇ. ಒಮ್ಮೆ ಅವಸರಕ್ಕೆ ಹತ್ತಿರ ಹಿಡಿದು ಅಂಚಿನಲ್ಲಿ ಚರ್ಮ ಸೀಳಿತು. ಕೊನೆಯ ಎರಡು ಕಾರ್ಯಕ್ರಮ ದಮ್ಮಡಿ ಇಲ್ಲದೆ ನಡೆದವು.

ಬಂದದ್ದು: ಸಂಭಾವನೆ 5,000, 4,000, 6,000, ಬೈಠಕ್ ತಟ್ಟೆ 3,200, 1,850, 4,100, ಪುಸ್ತಕ 118 ಪ್ರತಿ, 5,900. ಒಟ್ಟು 30,050. 1,850 ಬಂದ ಮನೆಯಲ್ಲಿ ತಟ್ಟೆಯನ್ನು ಬಾಗಿಲ ಬಳಿ ಇಟ್ಟು ಸುಮ್ಮನಿದ್ದೆವು. ಉಳಿದೆರಡು ಕಡೆ ಮನೆಯವರೇ ಕೈಯಲ್ಲಿ ಹಿಡಿದು ಒಂದು ಸುತ್ತು ಬಂದರು. ಅಷ್ಟೇ ವ್ಯತ್ಯಾಸ.

ಹೋದದ್ದು: ಬಸ್ಸು, ಲಗೇಜು 3,460; ಆಟೋ 1,920; ಮೂರು ರಾತ್ರಿ ಲಾಡ್ಜು 2,700; ಊಟ 4,150; ತಂತಿ, ಬ್ಯಾಟರಿ, ಟೇಪು 610; ಪುಸ್ತಕದ ಅಚ್ಚು 4,200; ಹೊಸ ಸ್ಟ್ಯಾಂಡು 950. ಒಟ್ಟು 17,990. ಉಳಿದದ್ದು 12,060, ತಲೆಗೆ 6,030. ರೆಕಾರ್ಡಿಂಗು, ಪಿಕಪ್ಪು ಸೇರಿ ಹಾಕಿದ 34,215ರಲ್ಲಿ ಇನ್ನೂ 22,155 ಬರಬೇಕು. ಮಿಕ್ಸರು, ವೇದಿಕೆಯ ಮೈಕು, ಡಿಐ ಮೊದಲೇ ಇದ್ದವು, ಲೆಕ್ಕಕ್ಕೆ ಹಿಡಿದಿಲ್ಲ.

ಬಾಕಿ ಕೆಲಸ: ದಮ್ಮಡಿಗೆ ಹೊಸ ಚರ್ಮ. ಪುಸ್ತಕಕ್ಕೆ ಬೆನ್ನುಚೀಲದಲ್ಲೇ ಜಾಗ. ಏಕತಾರಿಯ ಡಿಸ್ಕು ಕೊಪ್ಪಳಕ್ಕೆ ಇಳಿಯುವಷ್ಟರಲ್ಲಿ ಜಾರಿತ್ತು. ಬಿಸಿಲು ಬೀಳುವ ಕಿಟಕಿ ಪಕ್ಕ ಬಕೆಟ್ಟಿನೊಳಗೆ ಮೇಣ ಮೆತ್ತಗಾಗಿದೆ. ದಾರ ಸುತ್ತಿ ಬಿಗಿದು ಹೊಸಪೇಟೆಯವರೆಗೆ ಸಾಗಿಸಿದೆವು. ಸೂಪರ್ ಗ್ಲೂ ಹಾಕಿದರೆ ಮತ್ತೆ ತೆಗೆಯಲು ಬಾರದು, ಆದ್ದರಿಂದ ಮುಂದಿನ ಸಲ ಮೇಣದ ಮೇಲೆ ಸೈಕಲ್ ಟ್ಯೂಬಿನ ಪಟ್ಟಿ ಬಿಗಿದು ನೋಡುವುದಿದೆ.